ಮೂರು ದಿನದ ರಜೆ, ಬಾಡಿಗೆ ಬೋಟು, ನೇತ್ರಾಣಿ ಡೈವ್

ಸ್ಕೂಬಾಕ್ಕೆ ಹೋಗೋಣ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ಬೋಟಿನಲ್ಲಿ ಯಾರು ಉಳಿಯುತ್ತಾರೆ? ಎಷ್ಟು ಆಳ, ಯಾವ ಮೀನು, ಕ್ಯಾಮೆರಾ ಯಾರದ್ದು, ಇದೆಲ್ಲ ಆಮೇಲೆ. ಸೀಟಿಗಿಷ್ಟು ಎಂದು ಕೊಟ್ಟು ಹತ್ತುವ ಬೋಟಿನಲ್ಲಿ ತಲೆ ಎಣಿಸುವುದು ಬೋಟಿನವರ ಕೆಲಸ. ಇಡೀ ಬೋಟನ್ನು ನಮ್ಮ ಗುಂಪೇ ಹಿಡಿದರೆ ಆ ಕೆಲಸ ಅರ್ಧ ನಮ್ಮ ಮೇಲೂ ಬೀಳುತ್ತದೆ. ನೀರಿಗೆ ಇಳಿಯದೆ, ಪಟ್ಟಿ ಹಿಡಿದು ಕೂರುವವರು ಒಬ್ಬರು ಬೇಕೇ ಬೇಕು. ನಮ್ಮಲ್ಲಿ ಆ ಕೆಲಸ ನನ್ನ ಗಂಡನದ್ದು. ಅವರಿಗೆ ಅಸ್ತಮಾ, ಡೈವ್ ಮಾಡುವ ಹಾಗಿಲ್ಲ. ಪೇಪರು, ಪೆನ್ನು, ವಾಚು ಕೊಟ್ಟು ಕೂರಿಸಿದರೆ ಅವರಷ್ಟು ನಿಗಾ ಯಾರಿಗೂ ಇಲ್ಲ.

ನಾನು ಕುಂಬಳೆ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. "ಟೀಚರ್, ಬೇಕಲದಲ್ಲೇ ಮುಳುಗಬಹುದಲ್ವಾ?" ಎಂದು ಮಕ್ಕಳು ಕೇಳುತ್ತಾರೆ. ಮುಳುಗಬಹುದು, ಏನೂ ಕಾಣುವುದಿಲ್ಲ ಅಷ್ಟೆ. ನಮ್ಮ ಜಿಲ್ಲೆಯಲ್ಲಿ 12 ಹೊಳೆಗಳು, ಅವು ತರುವ ಕೆಸರು, ಕೆಳಗೆ ಬರೀ ಮರಳು. ಕಾಸರಗೋಡಿನವರಿಗೆ ಕೈಗೆಟುಕುವ ಒಳ್ಳೆಯ ಜಾಗ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪ. ದಡದಿಂದ ಸುಮಾರು 19 ಕಿ.ಮೀ. ಬೋಟಿನಲ್ಲಿ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ನಮ್ಮಲ್ಲಿಂದ ಮುರುಡೇಶ್ವರಕ್ಕೆ 200 ಕಿ.ಮೀ. ಆಸುಪಾಸು. ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರು ಎಂದು ಟೋಲು ಕಟ್ಟುತ್ತಾ ಹೋಗುವುದು. ರೈಲೂ ಉಂಟು, ಆದರೆ ಮುರುಡೇಶ್ವರದಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ.

ಯಾವ ರಜೆ ಎಂಬುದು ನಮ್ಮಂಥ ಗಡಿಯವರಿಗೆ ದೊಡ್ಡ ತಲೆನೋವು. ಓಣಂ ರಜೆ ಉದ್ದ, ಆದರೆ ಆಗ ಮಳೆಗಾಲದ ಕಡಲು, ಡೈವ್ ಮಾತೇ ಇಲ್ಲ. ಸೀಸನ್ನು ಅಕ್ಟೋಬರಿನಿಂದ ಮೇ ತನಕ. ಕ್ರಿಸ್‌ಮಸ್ಸಿಗೆ ನಮಗೆ ಹತ್ತು ದಿನ ಬಿಡುವು, ಅದೇ ಹೊತ್ತಿಗೆ ಕರ್ನಾಟಕದ ಶಾಲಾ ಪ್ರವಾಸದ ಬಸ್ಸುಗಳೆಲ್ಲ ಮುರುಡೇಶ್ವರದಲ್ಲಿ. ವಿಷುವಿಗೆ ಹೋಗಬಹುದು, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕಳ್ಳಕಡಲ್ ಕಾಟ. ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಇಲ್ಲಿ ಬಂದು ಬಡಿಯುತ್ತದೆ. ನನಗೆ ಇಷ್ಟ ಜನವರಿ 26 ಸೋಮವಾರ ಬೀಳುವ ವರ್ಷ. ಎರಡೂ ರಾಜ್ಯಕ್ಕೆ ರಜೆ, ನೀರೂ ತಿಳಿ. ಮಂಗಳೂರಲ್ಲಿ ಕಲಿಸುವ ನಾದಿನಿಗೆ ಶನಿವಾರ ಅರ್ಧ ದಿನ ಶಾಲೆ. ಅವಳನ್ನು ಮಧ್ಯಾಹ್ನ ಪಂಪ್‌ವೆಲ್‌ನಲ್ಲಿ ಹತ್ತಿಸಿಕೊಂಡರೆ ಸಂಜೆಗೆ ತಲುಪಬಹುದು.

ಶನಿವಾರ ಪ್ರಯಾಣ, ಭಾನುವಾರ ಡೈವ್, ಸೋಮವಾರ ಖಾಲಿ. ಈ ಖಾಲಿ ದಿನವನ್ನು ದೇವಸ್ಥಾನ, ಕೊಲ್ಲೂರು, ಉಡುಪಿ ಊಟ ಎಂದು ಮೊದಲೇ ತುಂಬಿಸಬೇಡಿ. ಭಾನುವಾರ ಕಡಲು ಕೆಟ್ಟರೆ ಕೈಯಲ್ಲಿ ಇನ್ನೊಂದು ದಿನ ಇದೆ ಎಂಬ ಧೈರ್ಯ ಇರಬೇಕು. ಇರುವುದೇ ಒಂದು ದಿನ ಎಂದಾದರೆ ಹತ್ತು ಜನವೂ "ಪರವಾಗಿಲ್ಲ, ಹೋಗೋಣ" ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಗುರುವಾರದಿಂದಲೇ ನೋಡುತ್ತಾ ಇರಿ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟಿದ್ದರೆ ಚರ್ಚೆಯೇ ಬೇಡ. ಕೊನೆಯ ಮಾತು ಬೋಟು ನಡೆಸುವ ತಾಂಡೇಲರದ್ದು. ಅವರು ಬೇಡ ಎಂದರೆ ಹಣ ಎಷ್ಟು ವಾಪಸು, ಸೋಮವಾರಕ್ಕೆ ಬೋಟು ಸಿಗುತ್ತದಾ, ಇದನ್ನು ಮುಂಗಡ ಕೊಡುವಾಗಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ರಜೆಯ ಗಲಾಟೆಯಲ್ಲಿ ಯಾರಿಗೂ ಏನೂ ನೆನಪಿರುವುದಿಲ್ಲ.

ಈಗ ಬೋಟು. "ಪರಿಚಯದವರ ಮೀನಿನ ಬೋಟ್ ಉಂಟು, ಕಮ್ಮಿಗೆ ಬರ್ತಾರೆ" ಎನ್ನುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಬೇಡ. ಮೀನು ಹಿಡಿಯಲು ನೋಂದಣಿ ಆದ ಬೋಟು ಜನರನ್ನು ಸಾಗಿಸಲಿಕ್ಕಲ್ಲ. ಏನಾದರೂ ಆದರೆ ವಿಮೆಯೂ ಕೈಕೊಡುತ್ತದೆ. ಪರವಾನಗಿ ಇರುವ ಡೈವ್ ಸಂಸ್ಥೆಯ ಬೋಟನ್ನೇ ಪೂರ್ತಿ ಬಾಡಿಗೆಗೆ ಹಿಡಿಯಿರಿ. ಶನಿವಾರ ಸಂಜೆಯೇ ಹೋಗಿ ಕಣ್ಣಾರೆ ನೋಡಿ. ತಲೆಗೊಂದು ಲೈಫ್ ಜಾಕೆಟ್ ಇದೆಯಾ? ಭಾರ ಹೊತ್ತವರು ಹತ್ತಲು ಗಟ್ಟಿ ಏಣಿ? ತುರ್ತಿಗೆ ಬೇಕಾಗುವ ಆಕ್ಸಿಜನ್ ಸಿಲಿಂಡರ್ ಇದ್ದರೆ ಅದರಲ್ಲಿ ಗ್ಯಾಸ್ ಇದೆಯಾ, ಮಾಸ್ಕ್ ಎಲ್ಲಿ? ವಿಎಚ್‌ಎಫ್ ರೇಡಿಯೋ ಆನ್ ಮಾಡಿಸಿ ನೋಡಿ, ತುರ್ತಿನ ಚಾನೆಲ್ 16. ಕೆಳಗೆ ಡೈವರ್‌ಗಳಿದ್ದಾರೆ ಎಂದು ಬೇರೆ ದೋಣಿಗಳಿಗೆ ತಿಳಿಸುವ ನೀಲಿ ಬಿಳಿ ಬಾವುಟ ಇರಬೇಕು. ಗಾಳಿ ತುಂಬಿಸುವ ಕಂಪ್ರೆಸರ್ ಎಲ್ಲಿದೆ ಎಂದೂ ಕೇಳಿ. ಅದು ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಎಂಜಿನ್ ಹೊಗೆ ಸುಳಿಯಬಾರದು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿ ಉಸಿರೆಳೆದಾಗ ಎಣ್ಣೆ ವಾಸನೆ ಬಂದರೆ ಆ ಸಿಲಿಂಡರ್ ಮುಟ್ಟಬೇಡಿ.

ತಾಂಡೇಲರ ಹತ್ತಿರ ನಾನು ಎರಡು ಮಾತು ಒಪ್ಪಿಸಿಕೊಳ್ಳುತ್ತೇನೆ. ಒಬ್ಬರು ನೀರಿನಲ್ಲಿ ಇಳಿಯುವಾಗ, ಹತ್ತುವಾಗ ಎಂಜಿನ್ ನ್ಯೂಟ್ರಲ್‌ನಲ್ಲಿರಬೇಕು. ಹವಳದ ಮೇಲೆ ಲಂಗರು ಬಿಸಾಡಬಾರದು. "ಟೀಚರ್, ನೀವು ಪರೀಕ್ಷೆಗೆ ಬಂದ ಹಾಗಿದೆ" ಎಂದು ಒಬ್ಬರು ನಕ್ಕಿದ್ದರು. ನಗಲಿ. ದ್ವೀಪದ ಮೇಲೆ ಹತ್ತುವ ಆಸೆಯನ್ನು ಇಲ್ಲಿಯೇ ಬಿಡಿ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಬಂಡೆ ಅದು. ಅಭ್ಯಾಸದ ದಿನ ಆ ಕಡೆ ಹೋಗುವಂತೆಯೂ ಇಲ್ಲ, ಬುಕ್ ಮಾಡುವಾಗ ಇದನ್ನೂ ಕೇಳಿಕೊಳ್ಳಿ.

ಇನ್ನು ಗಾಳಿಯ ಲೆಕ್ಕ. ಇದನ್ನು ಬೋಧಕರಿಗೆ ಬಿಟ್ಟು ಸುಮ್ನೆ ಕೂರುವವರೇ ಜಾಸ್ತಿ. ಒಂದು ಸಾರಿ ಕಾಗದದ ಮೇಲೆ ಮಾಡಿ ನೋಡಿ. ಸಾಮಾನ್ಯ ಸಿಲಿಂಡರ್ 11 ಲೀಟರಿನದ್ದು, ತುಂಬಿದಾಗ 200 ಬಾರ್ ಒತ್ತಡ. ಅದರಲ್ಲಿ 50 ಬಾರ್ ಮುಟ್ಟುವ ಹಾಗಿಲ್ಲ, ಅದನ್ನು ಉಳಿಸಿಕೊಂಡೇ ಮೇಲೆ ಬರಬೇಕು. ಉಳಿದ 150ನ್ನು 11ರಿಂದ ಗುಣಿಸಿದರೆ 1650 ಲೀಟರ್ ಗಾಳಿ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರ್ ಆಳದಲ್ಲಿ 40 ಲೀಟರ್ ಎಳೆಯುತ್ತಾರೆ. ಅಲ್ಲಿ ಒತ್ತಡ ಎರಡು ಪಟ್ಟು. ಅಂದರೆ 41 ನಿಮಿಷ. ಅದೇ ಮನುಷ್ಯರಿಗೆ 18 ಮೀಟರಿನಲ್ಲಿ 29 ನಿಮಿಷವೇ ಗತಿ. ಗಾಬರಿಯಾದರೆ ಇನ್ನೂ ಕಮ್ಮಿ. ಜೋಡಿಯಲ್ಲಿ ಯಾರ ಗಾಳಿ ಮೊದಲು ಮುಗಿಯುತ್ತದೋ ಅವರದ್ದೇ ಇಬ್ಬರಿಗೂ ಸಮಯ. ಸರ್ಟಿಫಿಕೇಟ್ ಇಲ್ಲದವರಿಗೆ ಬೋಧಕರ ಜೊತೆ 12 ಮೀಟರ್ ಮಿತಿ, ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಆದವರಿಗೆ 18. ಹೊಸಬರು ಒಬ್ಬೊಬ್ಬರಿಗೂ ಒಬ್ಬೊಬ್ಬ ಬೋಧಕರು ಸಿಗುತ್ತಾರೆಯೇ ಎಂದು ಬೋಟ್ ಬುಕ್ ಮಾಡುವಾಗಲೇ ಗಟ್ಟಿ ಮಾಡಿಕೊಳ್ಳಿ.

ಆರೋಗ್ಯದ ಫಾರ್ಮಿನಲ್ಲಿ ಎಲ್ಲದಕ್ಕೂ "ಇಲ್ಲ" ಎಂದು ಗೀಟು ಹಾಕುವ ಚಾಳಿ ನಮ್ಮವರಿಗೆ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಶನ್ ಇದ್ದರೆ ಊರಿನಲ್ಲೇ ವೈದ್ಯರನ್ನು ಕಂಡು ಬನ್ನಿ. ಗರ್ಭಿಣಿಯರು ಇಳಿಯಲೇಬಾರದು. ಶೀತ ಆದರೂ ಇಳಿಯಬೇಡಿ, ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ.

ಬೆಳಿಗ್ಗೆ ಆರೂವರೆ, ಏಳರೊಳಗೆ ಹೊರಡಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ವಾಪಸು ಬರುವ ದಾರಿ ಕುಲುಕುತ್ತದೆ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಬನ್ಸ್ ಬಾಜಿ ಬಂದ ಮೇಲೆ. ವಾಂತಿಯ ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಕೆಲವು ನಿದ್ದೆ ಬರಿಸುತ್ತವೆ. ಹಿಂದಿನ ರಾತ್ರಿ ಗ್ಲಾಸು ಎತ್ತಿದವರು ಬೋಟಿನಲ್ಲಿ ನನ್ನ ಗಂಡನ ಪಕ್ಕ ಕೂರಬಹುದು.

ಅವರ ಪಟ್ಟಿ ಹೀಗಿರುತ್ತದೆ: ಹೆಸರು, ಜೋಡಿ, ಇಳಿದ ಗಂಟೆ, ಇಳಿಯುವಾಗಿನ ಬಾರ್, ಹತ್ತಿದ ಗಂಟೆ, ಹತ್ತುವಾಗಿನ ಬಾರ್. ಎಂಜಿನ್ ಶುರುವಾಗುವ ಮೊದಲು ಹೆಸರು ಕರೆದು, ಬಾಯಲ್ಲಿ "ಇದ್ದೇನೆ" ಅನ್ನಿಸುತ್ತಾರೆ. ಬೇರೆಯವರು ಪರವಾಗಿ ಹೇಳಿದರೆ ನಡೆಯುವುದಿಲ್ಲ. ದಡದಲ್ಲಿ ಒಬ್ಬರಿಗೆ ಇಷ್ಟು ಗಂಟೆಗೆ ಫೋನ್ ಮಾಡುತ್ತೇವೆ ಎಂದು ಹೇಳಿಟ್ಟಿರುತ್ತೇವೆ. ಫೋನ್ ಬರದಿದ್ದರೆ ಅವರು ಮೊದಲು ಡೈವ್ ಸಂಸ್ಥೆಗೆ, ಆಮೇಲೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಬೇಕು.

ನೀರೊಳಗಿನ ಸನ್ನೆಗಳನ್ನು ಬೋಧಕರು ಹೇಳಿಕೊಡುತ್ತಾರೆ. ಹೆಬ್ಬೆರಳು ಎತ್ತಿದರೆ "ಸೂಪರ್" ಅಲ್ಲ, "ಮೇಲೆ ಹೋಗೋಣ" ಎಂದು, ಅಷ್ಟು ನೆನಪಿಟ್ಟುಕೊಳ್ಳಿ. ಉಸಿರು ಬಿಗಿ ಹಿಡಿಯಬಾರದು. ಮೇಲೆ ಬರುವಾಗ 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ಸಿಂಹಮೀನು ಚಂದ ಕಾಣುತ್ತದೆ ಎಂದು ಕೈ ಚಾಚಬೇಡಿ, ಅದರ ಮುಳ್ಳಿನಲ್ಲಿ ವಿಷ.

ವಾಪಸು ಪ್ರಯಾಣದ ಲೆಕ್ಕ ಮರೆಯುವವರೇ ಹೆಚ್ಚು. ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನಮ್ಮ ಕಡೆ ಗಲ್ಫಿನವರು ಇಲ್ಲದ ಮನೆ ಕಮ್ಮಿ. ಮೈದುನನಿಗೆ ಸೋಮವಾರ ರಾತ್ರಿ ಮಂಗಳೂರಿನಿಂದ ವಿಮಾನ ಇತ್ತು. "ಅತ್ತಿಗೆ, ಭಾನುವಾರ ಆಗದಿದ್ದರೆ ಸೋಮವಾರ ಇಳೀತೇನೆ" ಎಂದ. ಭಾನುವಾರ ಮಧ್ಯಾಹ್ನ ಮುಗಿಸಿದರೆ ಅವನಿಗೆ ತೊಂದರೆ ಇಲ್ಲ, ಸೋಮವಾರಕ್ಕೆ ಹೋದರೆ ಅವನು ಬೋಟಿನಲ್ಲೇ ಕೂರಬೇಕು ಎಂದು ಮೊದಲೇ ಹೇಳಿಬಿಟ್ಟೆ. ಘಟ್ಟ ಹತ್ತುವವರಿಗೂ ಇದೇ ಮಾತು. ಮಡಿಕೇರಿ ಇರುವುದು 1100 ಮೀಟರಿಗೂ ಮೇಲೆ. ಡೈವ್ ಮುಗಿಸಿ ಅದೇ ಸಂಜೆ ಸಂಪಾಜೆ ಘಾಟಿ ಹತ್ತಬೇಡಿ, ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿ ಬೆಳಿಗ್ಗೆ ಹೊರಡಿ. ಅಷ್ಟರೊಳಗೆ ಗಂಟು ನೋವು, ಜೋಮು, ತಲೆಸುತ್ತು ಬಂದರೆ ಸುಸ್ತು ಎಂದುಕೊಂಡು ಮಲಗದೆ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲ ಮಾತಲ್ಲೇ ಹೇಳಿ. ಜೊತೆಗೆ ಆ ಪಟ್ಟಿಯ ಫೋಟೋ ತೋರಿಸಿ. ಎಷ್ಟು ಹೊತ್ತು ಕೆಳಗಿದ್ದಿರಿ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ.