ಹೊಟ್ಟೆಯೊಳಗೆ ಏನು ನಡೆಯುತ್ತಿದೆ? ಹೊರಗೆ ನಿಂತೇ ತಿಳಿಯುವುದು ಹೀಗೆ

ಪ್ರಾಣಿಯ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅದನ್ನು ಕೊಯ್ದೇ ನೋಡಬೇಕೆಂದಿಲ್ಲ. ಬಾಯಿ, ಪಕ್ಕೆ, ಸಗಣಿ ಈ ಮೂರನ್ನು ತಾಳ್ಮೆಯಿಂದ ನೋಡಿದರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ನೋಡುವ ಮುಂಚೆ ಒಂದು ಸಂಗತಿ ತಲೆಯಲ್ಲಿರಲಿ. ಹುಲ್ಲು, ಸೊಪ್ಪಿನ ನಾರಿನಲ್ಲಿರುವ ಸೆಲ್ಯುಲೋಸನ್ನು ಸ್ವಂತ ರಸದಿಂದ ಕರಗಿಸುವ ತಾಕತ್ತು ಹಸುವಿಗೂ ಇಲ್ಲ, ಆನೆಗೂ ಇಲ್ಲ. ಆ ಕೆಲಸಕ್ಕೆ ಅವು ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡಿವೆ. ಎಲ್ಲಿ ಸಾಕಿಕೊಂಡಿವೆ, ಜಠರದ ಆಮ್ಲ ಸಿಗುವುದಕ್ಕೆ ಮೊದಲೋ, ಆಮೇಲೋ? ನೀವು ಪತ್ತೆ ಮಾಡಬೇಕಿರುವುದು ಇದನ್ನೇ.

ಮೊದಲು ಬಾಯಿ

ತಿನ್ನುವಾಗ ಕೆಳದವಡೆ ಯಾವ ಕಡೆ ಓಡಾಡುತ್ತದೆ ನೋಡಿ. ಹಸು, ಕುರಿಯ ದವಡೆ ಪಕ್ಕಕ್ಕೆ ಸರಿದು ಅರೆಯುತ್ತದೆ. ಅವುಗಳ ಬಾಯಿಯ ಮುಂಭಾಗದಲ್ಲಿ ಮೇಲಿನ ಸಾಲಿಗೆ ಹಲ್ಲೇ ಇಲ್ಲ, ಬರೀ ಗಟ್ಟಿ ಒಸಡು. ಬೆಕ್ಕಿನ ದವಡೆ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಮಾಂಸ ಸಿಕ್ಕರೆ ತಲೆ ವಾಲಿಸಿ, ಕೆನ್ನೆಯ ಪಕ್ಕದ ಹಲ್ಲಿಗೆ ಸಿಕ್ಕಿಸಿ ಕತ್ತರಿಸುತ್ತದೆ, ಅಗಿಯದೆ ನುಂಗುತ್ತದೆ. ಮಾಂಸ ಬೇಗ ಕರಗುತ್ತದೆ, ಅದಕ್ಕೆ ಉದ್ದ ಕರುಳು ಬೇಕಿಲ್ಲ. ಬೆಕ್ಕಿನ ಕರುಳು ಅದರ ಮೈ ಉದ್ದದ ಸುಮಾರು 4 ಪಟ್ಟು. ಕುರಿಯದು 25 ಪಟ್ಟಿನ ಆಸುಪಾಸು!

ಹಕ್ಕಿಗೆ ಹಲ್ಲಿಲ್ಲ. ಕಾಳು ತಿನ್ನುವ ಹಕ್ಕಿ ನಡುವೆ ಸಣ್ಣ ಕಲ್ಲು ಹೆಕ್ಕಿ ನುಂಗುವುದನ್ನು ನೋಡಿರುತ್ತೀರಿ. ಹಸಿವಿಗಲ್ಲ, ಆ ಕಲ್ಲುಗಳು ಗಿಜಾರ್ಡ್ ಎಂಬ ದಪ್ಪ ಸ್ನಾಯುವಿನ ಚೀಲಕ್ಕೆ ಹೋಗಿ ಬೀಸುಕಲ್ಲಿನ ಹಾಗೆ ಕಾಳನ್ನು ಪುಡಿ ಮಾಡುತ್ತವೆ.

ಬಾಯಿ ನೋಡಿಯೇ ತೀರ್ಪು ಕೊಟ್ಟುಬಿಡಬೇಡಿ, ಪಾಂಡಾ ಮೋಸ ಮಾಡುತ್ತದೆ. ಅಗಲ ದವಡೆಹಲ್ಲು ಬಿದಿರನ್ನು ಜಜ್ಜುವುದಕ್ಕೇನೋ ಸರಿ, ಆದರೆ ಕರುಳು ಮಾಂಸ ತಿನ್ನುವ ಕರಡಿಯದೇ. ತಿಂದ ಬಿದಿರಿನಲ್ಲಿ ಐದನೇ ಒಂದು ಭಾಗವೂ ಅದಕ್ಕೆ ದಕ್ಕುವುದಿಲ್ಲ. ಪಾಪ, ಅರ್ಧ ದಿನ ಕೂತು ತಿನ್ನುತ್ತಲೇ ಇರಬೇಕು.

ಆಮೇಲೆ ಎಡ ಪಕ್ಕೆ

ಇದಕ್ಕೆ ಸಾಧುವಾದ ಹಸುವೇ ಬೇಕು. ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ ಒಂದು ತಗ್ಗು ಇರುತ್ತದೆ. ಅಲ್ಲಿ ಮುಷ್ಟಿ ಒತ್ತಿ ಸುಮ್ನೆ ನಿಂತುಕೊಳ್ಳಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಏನೋ ಎದ್ದು ಕೈಯನ್ನು ಹೊರಗೆ ತಳ್ಳುತ್ತದೆ. ಅದು ಮೆಲುಕು ಚೀಲ, ಜಠರದ ನಾಲ್ಕು ಕೋಣೆಗಳಲ್ಲಿ ಮೊದಲನೆಯದು. ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಒಳಗೆ ಹುಲ್ಲು ಹುಳಿಯುತ್ತಿರುತ್ತದೆ. ಪಶುವೈದ್ಯರೂ ಹೀಗೆ ಕೈಯಿಟ್ಟೇ ಮೊದಲ ಪರೀಕ್ಷೆ ಮಾಡುತ್ತಾರೆ. ಚೀಲ ಅಲುಗದಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಈಗ ಕತ್ತಿನ ಕಡೆ ನೋಡಿ. ಮಲಗಿ ಮೆಲುಕು ಹಾಕುವ ಹಸುವಿನ ಕತ್ತಿನಲ್ಲಿ ಒಂದು ಉಂಡೆ ಕೆಳಗಿಂದ ಮೇಲಕ್ಕೆ ಸರ್‍ರನೆ ಏರುವುದು ಕಾಣುತ್ತದೆ. ಐವತ್ತರ ಆಸುಪಾಸು ಸಲ ಅಗಿದು ನುಂಗುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೊಂದು ಉಂಡೆ. ಅಗಿದಷ್ಟೂ ಜೊಲ್ಲು ಸುರಿಯುತ್ತದೆ, ದಿನಕ್ಕೆ 100 ಲೀಟರಿನ ಲೆಕ್ಕದಲ್ಲಿ. ಅದರಲ್ಲಿ ಸೋಡಾದಂಥ ಕ್ಷಾರ ಇರುವುದರಿಂದ ಮೆಲುಕು ಚೀಲ ಅತಿಯಾಗಿ ಹುಳಿಯಾಗದೆ ಉಳಿಯುತ್ತದೆ. ಇಲ್ಲದಿದ್ದರೆ ಸೂಕ್ಷ್ಮಜೀವಿಗಳೇ ಸತ್ತುಹೋಗುತ್ತವೆ.

ಹುಳಿಯುವಾಗ ಹುಟ್ಟುವ ಮೀಥೇನ್, ಇಂಗಾಲದ ಡೈಆಕ್ಸೈಡ್ ತೇಗಾಗಿ ಹೊರಬರಬೇಕು. ತೇಗು ಕಟ್ಟಿಕೊಂಡರೆ ಅದೇ ಎಡ ಪಕ್ಕೆ ಉಬ್ಬಿ, ಶ್ವಾಸಕೋಶವನ್ನು ಒತ್ತಿ, ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಹುದು.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಸೊಗಸೆನಿಸುತ್ತದೆ. ಹುಲ್ಲಿನ ಜೊತೆ ಸೂಕ್ಷ್ಮಜೀವಿಗಳೂ ಕೊಚ್ಚಿಕೊಂಡು ನಾಲ್ಕನೇ ಕೋಣೆಗೆ ಬರುತ್ತವೆ. ಅಲ್ಲಿರುವುದು ನಮ್ಮ ಜಠರದ ಥರದ ಆಮ್ಲ. ಅವು ಅಲ್ಲೇ ಸತ್ತು, ಮುಂದೆ ಸಣ್ಣ ಕರುಳಿನಲ್ಲಿ ಜೀರ್ಣವಾಗುತ್ತವೆ. ಹಸುವಿಗೆ ಬೇಕಾದ ಪ್ರೋಟೀನ್‌ನಲ್ಲಿ ದೊಡ್ಡ ಪಾಲು ಹೀಗೇ ಸಿಗುವುದು. ಸಸ್ಯಾಹಾರಿ ಅಂತೀವಿ, ಒಳಗೆ ನೋಡಿದರೆ ಬ್ಯಾಕ್ಟೀರಿಯಾ ಊಟ!

ಕೊನೆಗೆ ಸಗಣಿ, ಲದ್ದಿ, ಹಿಕ್ಕೆ

ಕೈಗವಸು ಹಾಕಿಕೊಳ್ಳಿ, ಒಂದು ಕಡ್ಡಿ ಹಿಡಿದುಕೊಳ್ಳಿ. ಹಸುವಿನ ಸಗಣಿ ಕೆದಕಿದರೆ ನುಣ್ಣಗಿರುತ್ತದೆ. ಕುದುರೆ ಲದ್ದಿ ಬಿಡಿಸಿದರೆ ಹುಲ್ಲಿನ ಚೂರುಗಳು ಎದ್ದು ಕಾಣುತ್ತವೆ. ಆನೆ ಲದ್ದಿಯಲ್ಲಂತೂ ನಾರು, ಕಡ್ಡಿ, ಇಡೀ ಬೀಜಗಳೇ ಸಿಗುತ್ತವೆ. ಇವುಗಳಿಗೆ ಮೆಲುಕು ಚೀಲ ಇಲ್ಲ. ಸೂಕ್ಷ್ಮಜೀವಿಗಳ ಮನೆ ಸಣ್ಣ ಕರುಳು ದಾಟಿದ ಮೇಲೆ, ದೊಡ್ಡ ಕರುಳು ಮತ್ತು ಅದರ ಬುಡದ ಕುರುಡು ಚೀಲದಲ್ಲಿದೆ. ಅಲ್ಲಿ ಹುಳಿಯುವುದರಿಂದ ಶಕ್ತಿಯೇನೋ ಸಿಗುತ್ತದೆ, ಆದರೆ ಸೂಕ್ಷ್ಮಜೀವಿಗಳ ಪ್ರೋಟೀನ್ ಬಹುಪಾಲು ಲದ್ದಿಯ ಜೊತೆ ಹೊರಗೆ ಹೋಗುತ್ತದೆ. ನಷ್ಟವೇ, ಅಲ್ವಾ? ಲಾಭವೂ ಇದೆ. ಆಹಾರ ಬೇಗ ಸಾಗುವುದರಿಂದ ಕಳಪೆ ಹುಲ್ಲನ್ನೂ ರಾಶಿಗಟ್ಟಲೆ ತಿಂದು ಬದುಕಬಹುದು.

ಮೊಲ ಈ ನಷ್ಟವನ್ನು ತುಂಬಿಕೊಳ್ಳುವ ದಾರಿ ಹುಡುಕಿಕೊಂಡಿದೆ. ಅದು ಎರಡು ಬಗೆಯ ಹಿಕ್ಕೆ ಹಾಕುತ್ತದೆ. ನಿಮಗೆ ನೆಲದ ಮೇಲೆ ಸಿಗುವುದು ಒಣ ಗುಂಡು ಮಾತ್ರ. ಕುರುಡು ಚೀಲದಿಂದ ಬರುವ ಮೆತ್ತನೆಯ ಗೊಂಚಲನ್ನು ಮೊಲ ಬಗ್ಗಿ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗಿಬಿಡುತ್ತದೆ. ಸಾಕಿದ ಮೊಲ ಹೀಗೆ ಮಾಡಿದರೆ ಹೊಲಸು ಚಟ ಎಂದು ತಡೆಯಬೇಡಿ, ವಿಟಮಿನ್ನೂ ಪ್ರೋಟೀನೂ ಅದರಲ್ಲೇ ಇವೆ.

ಹಕ್ಕಿಯ ಹಿಕ್ಕೆಯಲ್ಲಿ ಕಪ್ಪು ಭಾಗ ಮಲ, ಬಿಳಿಯದು ಮೂತ್ರದ ಪಾಲು. ಗೂಬೆ ಕೂರುವ ಮರದಡಿ ಬೂದು ಉಂಡೆಗಳು ಸಿಕ್ಕರೆ ಅದು ಹಿಕ್ಕೆಯಲ್ಲ, ಜೀರ್ಣವಾಗದೆ ಬಾಯಿಂದಲೇ ಉಗುಳಿದ ಕೂದಲು, ಮೂಳೆ. ನೀರಿನಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿದರೆ ಇಲಿಯ ತಲೆಬುರುಡೆಯೇ ಸಿಗುತ್ತದೆ. ಹದ್ದಿಗೂ ಹೀಗೆ ಉಗುಳುವ ಅಭ್ಯಾಸ ಇದೆ. 1752ರಲ್ಲಿ ಫ್ರಾನ್ಸಿನ ವಿಜ್ಞಾನಿ ರಿಯೋಮ್ಯೂರ್ ಇದನ್ನೇ ಉಪಯೋಗಿಸಿಕೊಂಡರು. ಲೋಹದ ಕೊಳವೆಯಲ್ಲಿ ಮಾಂಸ ಇಟ್ಟು, ತುದಿಗೆ ಜಾಲರಿ ಕಟ್ಟಿ ಹದ್ದಿಗೆ ನುಂಗಿಸಿದರು. ಅದು ಉಗುಳಿದಾಗ ಕೊಳವೆ ಹಾಗೇ ಇತ್ತು, ಮಾಂಸ ಕರಗಿತ್ತು. ಅರೆಯದೆಯೂ ಬರೀ ರಸದಿಂದ ಆಹಾರ ಕರಗುತ್ತದೆ ಎಂದು ತಿಳಿದದ್ದು ಹೀಗೆ.

ಜೇಡದ ಮೇಲೆ ಈ ಉಪಾಯಗಳು ನಡೆಯುವುದಿಲ್ಲ. ಅದು ರಸವನ್ನು ಬೇಟೆಯ ಮೈಮೇಲೇ ಕಾರಿ, ಕರಗಿದ್ದನ್ನು ಹೀರುತ್ತದೆ. ಲಾಡಿಹುಳುವಿಗೆ ಹೊಟ್ಟೆಯೇ ಇಲ್ಲ, ಇನ್ನೊಬ್ಬರ ಕರುಳಿನಲ್ಲಿ ಮಲಗಿ ಚರ್ಮದಿಂದ ಹೀರಿಕೊಳ್ಳುತ್ತದೆ.

ಕರುಳನ್ನೇ ಕಣ್ಣಾರೆ ನೋಡಬೇಕು ಅನ್ನುವವರಿಗೆ ಗೊದಮೊಟ್ಟೆ ಇದೆ. ಕೊಳದ ನೀರಿನ ಸಮೇತ ಗಾಜಿನ ಲೋಟದಲ್ಲಿ ಹಿಡಿದು ಕೆಳಗಿನಿಂದ ನೋಡಿ. ಹೊಟ್ಟೆಯ ತೆಳು ಚರ್ಮದಡಿ ಉದ್ದ ಕರುಳು ಸುತ್ತು ಸುತ್ತಾಗಿ ಕಾಣುತ್ತದೆ, ಬಹುತೇಕ ಜಾತಿಗಳು ಈ ವಯಸ್ಸಿನಲ್ಲಿ ಪಾಚಿ ತಿನ್ನುತ್ತವೆ. ಮುಂಗಾಲು ಮೂಡುವ ಹೊತ್ತಿಗೆ ತಿನ್ನುವುದು ನಿಲ್ಲುತ್ತದೆ, ಕರುಳು ಕುಗ್ಗಿ ಗಿಡ್ಡವಾಗುತ್ತದೆ. ಮುಂದೆ ಕಪ್ಪೆಯಾಗಿ ಹುಳು ಹಿಡಿಯಬೇಕಲ್ಲ. ಬೇರೆ ಬೇರೆ ವಯಸ್ಸಿನ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ನೋಡಿ ಮುಗಿದ ಮೇಲೆ ಅದೇ ಕೊಳಕ್ಕೆ ಬಿಟ್ಟುಬಿಡಿ.