ಬೇಟ್‌ಕಾಸ್ಟರ್ ರೀಲ್ ದೂರ ಹೋಗುತ್ತಿರಲಿಲ್ಲ, ಸರಿಯಾದದ್ದು ಹೀಗೆ

ಹಾವೇರಿ ಕಡೆ ತುಂಗಭದ್ರಾ ದಂಡೆಯಲ್ಲಿ ಮೀನು ಹಿಡಿಯಲು ಬಳಸುವ ರೀಲ್ ಇದು, ಗಾಳದ ಕೋಲಿಗೆ ಕೂರಿಸಿ ದಾರ ಸುತ್ತುವ ಸಾಧನ. ಗಾಳ ಎಸೆದಾಗ ಸ್ಪೂಲ್ (ದಾರ ಸುತ್ತಿರುವ ಉರುಳೆ) ಗರ್ ಎಂದು ಸದ್ದು ಮಾಡಿ ಅರ್ಧದಲ್ಲೇ ನಿಧಾನವಾಗುತ್ತಿತ್ತು. ಸ್ಪೂಲ್ ವೇಗ ತಡೆಯುವ ಬ್ರೇಕ್ ಕಮ್ಮಿ ಮಾಡಿದರೆ ದಾರ ಗೋಜಲು. ಹೊಸ ದಾರ ಸುತ್ತಿದರೂ ಅಷ್ಟೇ. ಹೊರಗಿನಿಂದ ಎಣ್ಣೆ ಬಿಟ್ಟರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಮತ್ತೆ ಅದೇ ಕಥೆ.

ತೊಂದರೆ ಇದ್ದದ್ದು ಸ್ಪೂಲ್ ಬೇರಿಂಗಿನಲ್ಲಿ. ಹಳೇ ಗ್ರೀಸಿಗೆ ಹೊಳೆಯ ಸಣ್ಣ ಮರಳು ಅಂಟಿತ್ತು. ಪಕ್ಕದ ಮುಚ್ಚಳ ತೆಗೆದು, ಬೇರಿಂಗ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಾಕಿ ಅಲ್ಲಾಡಿಸಿ (ಒಲೆ ಹತ್ತಿರ ಬೇಡ). ಕೊಳೆ ಬಿಡುವುದು ನಿಲ್ಲುವವರೆಗೆ ಆಲ್ಕೋಹಾಲ್ ಬದಲಿಸುತ್ತಾ ಇರಿ. ಪೂರ್ತಿ ಒಣಗಿದ ಮೇಲೆ ಒಂದೊಂದಕ್ಕೂ ತೆಳು ರೀಲ್ ಎಣ್ಣೆ ಒಂದೇ ಹನಿ. ಜಾಸ್ತಿಯಾದರೆ ಮತ್ತೆ ನಿಧಾನ. ಗ್ರೀಸ್ ಏನಿದ್ದರೂ ಒಳಗಿನ ದೊಡ್ಡ ಗಿಯರಿಗೆ, ಅದೂ ತೆಳ್ಳಗೆ.

ಸ್ಪೂಲ್ ಈಗ ಜೋರು ತಿರುಗುತ್ತದೆ ಅಲ್ವಾ, ಹಳೇ ಸೆಟ್ಟಿಂಗ್ ನಡೆಯಲ್ಲ. ಮೊದಲು ಟೆನ್ಷನ್ ನಾಬ್ (ಸ್ಪೂಲ್ ಬಿಗಿ ಹೊಂದಿಸುವ ತಿರುಪು): ಲ್ಯೂರ್ (ಕೃತಕ ಎರೆ) ಕಟ್ಟಿ, ಸ್ಪೂಲ್ ಬಿಡಿಸುವ ಗುಂಡಿ ಒತ್ತಿದರೆ ಲ್ಯೂರ್ ನಿಧಾನ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಆಮೇಲೆ ಮ್ಯಾಗ್ನೆಟ್ ಬ್ರೇಕ್ 10ರಲ್ಲಿ 8ಕ್ಕೆ ಇಟ್ಟು, ಎಸೆಯುತ್ತಾ ಒಂದೊಂದೇ ಇಳಿಸಿ. ನನ್ನದು 4ಕ್ಕೆ ನಿಂತಿದೆ. ಬೇರೆ ತೂಕದ ಲ್ಯೂರ್ ಕಟ್ಟಿದರೆ ನಾಬ್ ಮತ್ತೆ ನೋಡಬೇಕು.