ಕೆಟ್ಟಿದ್ದು ಸೆಲ್ಫ್ ಅಲ್ಲ, ಅರ್ತ್: ಹಳೇ ಎಂಎಂ 540 ಜೀಪಿನಲ್ಲಿ ನನ್ನ ಅನುಭವ

ಹಳೇ ಡೀಸೆಲ್ ಜೀಪು ಸ್ಟಾರ್ಟ್ ಆಗದಿದ್ದರೆ ನಮ್ಮ ಮೂಡಿಗೆರೆ ಕಡೆ ಎಲ್ಲರೂ ಹೇಳುವುದು ಎರಡೇ ಮಾತು. ಬ್ಯಾಟರಿ ಹೋಗಿದೆ, ಇಲ್ಲವೇ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೋಗಿದೆ. ನನ್ನ ಮಹೀಂದ್ರಾ ಎಂಎಂ 540ಗೆ ಎರಡನ್ನೂ ಬದಲಿಸಿ ಆಯಿತು. ಕಾಯಿಲೆ ಮಾತ್ರ ಹಾಗೇ ಉಳಿಯಿತು. ಅದು ಇದ್ದದ್ದು ಅರ್ತಿನಲ್ಲಿ, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿಯಲ್ಲಿ. ಕೊನೆಗೆ ಅದನ್ನು ಹಿಡಿದದ್ದು ಆರೇಳುನೂರು ರೂಪಾಯಿಯ ಒಂದು ಮಲ್ಟಿಮೀಟರ್, ಅಂದರೆ ವೋಲ್ಟ್, ಆಂಪ್ಸ್, ಓಮ್ ಅಳೆಯುವ ಮೀಟರ್. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಹರಿಸುವ ದೊಡ್ಡ ಸ್ವಿಚ್) ಏನು ಮಾಡುತ್ತದೆ, ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವುದು) ಯಾಕೆ ಬೇಕು ಎಂಬುದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನಿಮಗೆ ಗೊತ್ತಿರುವುದೇ.

ಗಾಡಿ 90ರ ದಶಕದ್ದು. ಪ್ಯೂಜೊ ಎಕ್ಸ್‌ಡಿಪಿ 4.90 ಇಂಜಿನ್, 2112 ಸಿಸಿ. ಈ ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ ಹತ್ತುತ್ತದೆ. ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಕೀ ತಿರುಗಿಸಿದರೆ ಎರಡು ಸುತ್ತು ನರಳಿ ನಿಲ್ಲುತ್ತಿತ್ತು. ಚಾರ್ಮಾಡಿ ಘಾಟಿ ಹತ್ತಿ ಬಂದು, ಇಂಜಿನ್ ಕಾದಿರುವಾಗ ಆಫ್ ಮಾಡಿದರೆ ಬರೀ ಒಂದು 'ಟಕ್'. ಅಷ್ಟೇ. ಹೀಗಾಗಿ ತೋಟದಲ್ಲಿ ಎಲ್ಲಿ ನಿಲ್ಲಿಸಿದರೂ ಮೊದಲು ಇಳಿಜಾರು ಹುಡುಕಬೇಕು. ಇಳಿಜಾರು ಇಲ್ಲದ ಕಡೆ ನಾಲ್ಕು ಜನ ಆಳುಗಳನ್ನು ಕರೆಯಬೇಕು. ಕಾಫಿ ಕೊಯ್ಲಿನ ಸಮಯದಲ್ಲಿ ಜೀಪು ತಳ್ಳೋಕೆ ಆಳು ಕರೆದರೆ ಎಷ್ಟು ನಷ್ಟ ಅಂತ ತೋಟದವರಿಗೆ ಹೇಳಬೇಕಿಲ್ಲ ಅಲ್ವಾ?

ಮೊದಲು ಖರ್ಚಿನ ಲೆಕ್ಕ. ಹೊಸ ಬ್ಯಾಟರಿ ಏಳೂವರೆ ಸಾವಿರದ ಹತ್ತಿರ. ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಆಮೇಲೆ ಸೆಲ್ಫ್ ಬಿಚ್ಚಿಸಿ ಬುಷ್, ಕಾರ್ಬನ್ ಬ್ರಷ್, ಬೆಂಡಿಕ್ಸ್ ಎಲ್ಲ ಹೊಸತು ಹಾಕಿಸಿದ್ದು, ಮಜೂರಿ ಸೇರಿ ಮೂರು ಸಾವಿರದ ಮೇಲೆ. ಬೆಂಚಿನ ಮೇಲಿಟ್ಟು ಕರೆಂಟ್ ಕೊಟ್ಟರೆ ಸೆಲ್ಫ್ ಹುಲಿ ಥರ ಹಾರುತ್ತಿತ್ತು. ಗಾಡಿಗೆ ಕೂರಿಸಿದರೆ ಮತ್ತೆ ನರಳಾಟ. ಅಂಗಡಿಯವರು ಆರ್ಮೇಚರ್ (ಸೆಲ್ಫ್ ಒಳಗೆ ತಿರುಗುವ ಭಾಗ) ವೀಕ್ ಅಂದರು. ಸೆಕೆಂಡ್ ಹ್ಯಾಂಡ್ ಸೆಲ್ಫ್ ಒಂದನ್ನು ನಾಲ್ಕೂವರೆ ಸಾವಿರಕ್ಕೆ ಕೊಡಿಸಿದರು. ಅದೂ ಹಾಗೇ ಆಡಿತು. ಒಟ್ಟು ಹದಿನೈದು ಸಾವಿರ ದಾಟಿತ್ತು. ಇಂಜಿನ್ನೇ ಬಿಗಿ ಇದೆ, ಇಳಿಸಿ ನೋಡೋಣ ಎಂಬ ಮಾತು ಬಂದಾಗ ನಾನು ಗಾಡಿಯನ್ನು ಮನೆಗೆ ತಂದೆ.

ನನಗೆ ಅನುಮಾನ ಬಂದದ್ದು ಎರಡು ವಿಷಯದಿಂದ. ಒಂದು, ಕೀ ತಿರುಗಿಸಿದಾಗ ಸೆಲ್ಫ್ ನರಳುತ್ತಿದ್ದರೂ ಹೆಡ್‌ಲೈಟ್ ಅಷ್ಟಾಗಿ ಮಂಕಾಗುತ್ತಿರಲಿಲ್ಲ. ಬ್ಯಾಟರಿ ಸತ್ತಿದ್ದರೆ ಲೈಟ್ ಪೂರ್ತಿ ಕೆಂಪಾಗಬೇಕಿತ್ತು. ಎರಡನೆಯದು ಮುಖ್ಯ. ಜಾಸ್ತಿ ಹೊತ್ತು ಸೆಲ್ಫ್ ಹೊಡೆದ ಮೇಲೆ ಇಂಜಿನ್ ಆಫ್ ಮಾಡುವ ಸ್ಟಾಪ್ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು. ಆ ಕೇಬಲ್ಲಿಗೂ ಕರೆಂಟಿಗೂ ಏನು ಸಂಬಂಧ? ಇಂಜಿನ್ನಿಂದ ಗಾಡಿಯ ಬಾಡಿಯ ಕಡೆಗೆ ಹೋಗಬೇಕಾದ ಕರೆಂಟಿಗೆ ಸರಿಯಾದ ದಾರಿ ಸಿಗದಿದ್ದಾಗ ಅದು ಸಿಕ್ಕಿದ ಕಬ್ಬಿಣ ಹಿಡಿದು ಹೋಗುತ್ತದೆ. ಹೆಡ್‌ಲೈಟಿನ ಅರ್ತ್ ಬಾಡಿಯಲ್ಲಿ, ಸೆಲ್ಫಿನ ಅರ್ತ್ ಇಂಜಿನ್ನಿನಲ್ಲಿ. ಲೈಟ್ ಚೆನ್ನಾಗಿದೆ, ಸೆಲ್ಫ್ ಇಲ್ಲ ಅಂದರೆ ಇವೆರಡರ ಮಧ್ಯೆ ಏನೋ ಇದೆ.

ನಮ್ಮ ಪೇಟೆಯ ಎಲೆಕ್ಟ್ರಿಷಿಯನ್‌ಗೆ ಹೇಳಿದೆ. 'ಅರ್ತ್ ವೈರ್ ಗಟ್ಟಿ ಇದೆ, ನಾನೇ ಟೈಟ್ ಮಾಡಿದ್ದೀನಿ. ಈ ಮೀಟರ್ ಆಟ ಎಲ್ಲ ಬಿಡಿ ಮಾರಾಯ್ರೆ' ಎಂದರು. ಮೀಟರನ್ನು ಓಮ್‌ಗೆ (ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆಯುವುದಕ್ಕೆ) ಇಟ್ಟು ಅದೇ ವೈರಿಗೆ ಹಿಡಿದೂ ತೋರಿಸಿದರು. ಸೊನ್ನೆಯ ಹತ್ತಿರವೇ ತೋರಿಸಿತು. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಸೆಲ್ಫ್ ಎಳೆಯುವುದು 200-300 ಆಂಪ್ಸ್. ಅಷ್ಟು ಕರೆಂಟಿನಲ್ಲಿ ಓಮ್‌ನ ನೂರನೇ ಒಂದು ಭಾಗ ಅಡ್ಡ ಬಂದರೂ ಎರಡು ಮೂರು ವೋಲ್ಟ್ ಹೋಯಿತು. ನಮ್ಮ ಮೀಟರಿನ ಎರಡು ವೈರ್ ಸುಮ್ನೆ ಒಂದಕ್ಕೊಂದು ಮುಟ್ಟಿಸಿದರೇ ಅದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ಓಮ್ ಅಳೆದು ಪ್ರಯೋಜನ ಇಲ್ಲ. ಸೆಲ್ಫ್ ತಿರುಗುತ್ತಿರುವಾಗಲೇ ವೋಲ್ಟ್ ಅಳೆಯಬೇಕು.

ನಾನು ಮಾಡಿದ್ದು ಹೀಗೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಇಂಜಿನ್ ಹತ್ತಬಾರದು ಅಂತ ಸ್ಟಾಪ್ ನಾಬ್ ಎಳೆದೇ ಇಟ್ಟೆ. ಮೀಟರ್ ಡಿಸಿ 20 ವೋಲ್ಟಿಗೆ. ಮಗನನ್ನು ಸೀಟಿನಲ್ಲಿ ಕೂರಿಸಿ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಸುವುದು, ಒಂದು ನಿಮಿಷ ಬಿಡುವುದು, ಮತ್ತೆ ಹೊಡೆಸುವುದು.

ಬ್ಯಾಟರಿಯ ಎರಡು ಪೋಸ್ಟಿನ ಮೇಲೆ ಸೆಲ್ಫ್ ತಿರುಗುವಾಗ 10.4ರ ಆಸುಪಾಸು. ಒಳ್ಳೆಯದೇ, ಬ್ಯಾಟರಿ ತಪ್ಪಲ್ಲ. ಸೆಲ್ಫಿನ ದೊಡ್ಡ ಬೋಲ್ಟಿಗೂ ಸೆಲ್ಫಿನ ಬಾಡಿಗೂ ಹಿಡಿದರೆ 7.7! ಅಂದರೆ ದಾರಿಯಲ್ಲೇ 2.7 ವೋಲ್ಟ್ ಮಾಯ. ಮುಂದೆ ತುಂಡು ತುಂಡಾಗಿ ಹುಡುಕಿದೆ. ಬ್ಯಾಟರಿ ಪ್ಲಸ್ ಪೋಸ್ಟಿನಿಂದ ಸೆಲ್ಫ್ ಬೋಲ್ಟಿಗೆ 0.6 ಇತ್ತು. ಅರ್ಧ ವೋಲ್ಟಿನ ಒಳಗೆ ಇದ್ದರೆ ಚೆಂದ, ಆದರೂ ಇದು ದೊಡ್ಡ ಕಳ್ಳನಲ್ಲ. ಮೈನಸ್ ಪೋಸ್ಟಿನಿಂದ ಸೆಲ್ಫಿನ ಬಾಡಿಗೆ ಎರಡು ವೋಲ್ಟಿಗೂ ಸ್ವಲ್ಪ ಮೇಲೆ. ಇಲ್ಲಿ 0.2, 0.3 ದಾಟಬಾರದು. ಅದನ್ನೂ ಒಡೆದು ನೋಡಿದೆ. ಪೋಸ್ಟಿನಿಂದ ಕ್ಲಾಂಪಿಗೆ (ಪೋಸ್ಟನ್ನು ಹಿಡಿಯುವ ಕೇಬಲ್ ತುದಿ) 0.1. ಕ್ಲಾಂಪಿನಿಂದ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟು) 0.3. ಚಾಸಿಯಿಂದ ಇಂಜಿನ್ ಬ್ಲಾಕಿಗೆ 1.7. ಸಿಕ್ಕಿತು. ಒಂದು ಎಚ್ಚರಿಕೆ: ಪ್ರೋಬನ್ನು ಸೀಸದ ಪೋಸ್ಟಿಗೇ ಚುಚ್ಚಬೇಕು, ಕ್ಲಾಂಪಿಗೆ ಅಲ್ಲ. ಎಷ್ಟೋ ಗಾಡಿಗಳಲ್ಲಿ ತೊಂದರೆ ಇರುವುದೇ ಆ ಎರಡರ ಮಧ್ಯೆ.

ಖಾತ್ರಿ ಮಾಡಿಕೊಳ್ಳಲು ಬೂಸ್ಟರ್ ಕೇಬಲ್ ತಂದು ಒಂದು ತುದಿ ಇಂಜಿನ್ ಬ್ಲಾಕಿಗೆ, ಇನ್ನೊಂದು ತುದಿ ಚಾಸಿಗೆ ಹಾಕಿದೆ. ಕೀ ತಿರುಗಿಸಿದ ಕೂಡಲೇ ಇಂಜಿನ್ ಗರಗರ ತಿರುಗಿತು. ಮಗ ಹೆದರಿ ಕೀ ಬಿಟ್ಟುಬಿಟ್ಟ. ಅಷ್ಟು ಜೋರಾಗಿ ಅದು ತಿರುಗಿದ್ದನ್ನು ಅವನು ನೋಡಿಯೇ ಇರಲಿಲ್ಲ.

ಅರ್ತ್ ಪಟ್ಟಿ ಬಿಚ್ಚಿದೆ. ನೋಡಲು ಗಟ್ಟಿ, ಬೋಲ್ಟೂ ಟೈಟ್. ಆದರೆ ಯಾರೋ ಹಿಂದೆ ಚಾಸಿಗೆ ಪೇಂಟ್ ಹೊಡೆದು, ಆ ಪೇಂಟಿನ ಮೇಲೇ ಥಿಂಬಲ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಕೂರಿಸಿದ್ದರು. ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ತುಕ್ಕು ಹಿಡಿದ ಮರೆಯ (ಥ್ರೆಡ್) ಮೂಲಕ. ಥಿಂಬಲ್ ಒಳಗೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು. ನಮ್ಮ ಮಳೆಗೆ ಇದೆಲ್ಲ ಆಗುವುದೇ. ಪಟ್ಟಿ ಎಸೆದು ದಪ್ಪ ವೆಲ್ಡಿಂಗ್ ಕೇಬಲ್ ತಂದೆ, ಪೂರ್ತಿ ತಾಮ್ರದ್ದು. ಅಲ್ಯೂಮಿನಿಯಂಗೆ ತಾಮ್ರದ ಬಣ್ಣ ಕೊಟ್ಟದ್ದೂ ಸಿಗುತ್ತದೆ, ಕೆರೆದು ನೋಡಿ ತಗೊಳ್ಳಿ. ಬ್ಯಾಟರಿ ಮೈನಸ್‌ನಿಂದ ನೇರವಾಗಿ ಸೆಲ್ಫ್ ಪಕ್ಕದ ಬೆಲ್ ಹೌಸಿಂಗ್ (ಇಂಜಿನ್, ಗೇರ್ ಬಾಕ್ಸ್ ಮಧ್ಯದ ಕವಚ) ಬೋಲ್ಟಿಗೆ ಒಂದು, ಇಂಜಿನ್ನಿಂದ ಚಾಸಿಗೆ ಇನ್ನೊಂದು. ಪೇಂಟ್ ಕೆರೆದು ಹೊಳೆಯುವ ಕಬ್ಬಿಣ ಕಾಣಿಸಿದ ಮೇಲೆ ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಥಿಂಬಲ್ ಒಳಗೆ ನೀರು ಇಳಿಯದ ಹಾಗೆ ನಾನು ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಈಗ ಸೆಲ್ಫಿನ ಮೇಲೆ ಒಂಬತ್ತೂವರೆ ವೋಲ್ಟ್ ಸಿಗುತ್ತದೆ. ಚಳಿ ಬೆಳಗಿನ ನರಳಾಟ ಮುಗಿಯಿತು.

ಆದರೆ ಕಾದಾಗ ಬರುವ 'ಟಕ್' ಪೂರ್ತಿ ಹೋಗಲಿಲ್ಲ. ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಮತ್ತೆ ಮೀಟರ್. ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ ಕೀ ತಿರುಗಿಸಿದಾಗ ಬರುತ್ತಿದ್ದದ್ದು ಏಳು ವೋಲ್ಟಿನ ಆಚೀಚೆ. ಆ ವೈರ್ ಕೀ ಸ್ವಿಚ್ ಒಳಗಿಂದ ಸುತ್ತಿ ಬರುತ್ತದೆ. ಸ್ವಿಚ್ಚಿನ ಕಾಂಟ್ಯಾಕ್ಟ್ ಅಷ್ಟು ವರ್ಷ ಸುಟ್ಟು ಸುಟ್ಟು ಸವೆದಿದೆ. ಇಂಜಿನ್ ಕಾದಾಗ ಸೊಲೆನಾಯ್ಡ್ ಕಾಯಿಲಿನ ತಾಮ್ರವೂ ಕಾದು ಎಳೆಯುವ ಶಕ್ತಿ ಇನ್ನೂ ಕಡಿಮೆ. ಅದಕ್ಕೇ ತಣ್ಣಗಿದ್ದಾಗ ಸರಿ, ಕಾದಾಗ ಇಲ್ಲ. ಒಂದು 40 ಆಂಪ್ಸ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಹಾಕಿದೆ. ರಿಲೇಯ ಕಾಲುಗಳ ನಂಬರ್ ಪ್ರಕಾರ ಕೀ ವೈರ್ 86ಕ್ಕೆ, 85 ಅರ್ತಿಗೆ, 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಸೊಲೆನಾಯ್ಡಿಗೆ. ಸಾಕೆಟ್ ಸೇರಿ ಇನ್ನೂರೈವತ್ತು ರೂಪಾಯಿ. ಜೊತೆಗೆ ಸೊಲೆನಾಯ್ಡ್ ಬಿಚ್ಚಿ ಒಳಗಿನ ತಾಮ್ರದ ಬೋಲ್ಟ್‌ಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದೆ, ಸುಡದ ಕಡೆ ಮುಂದೆ ಬರುವ ಹಾಗೆ. ಬೇಕಲೈಟ್ ಮುಚ್ಚಳ ಒಡೆಯದೆ ಬಿಚ್ಚುವ ಉಪಾಯ ಮಾತ್ರ ನನ್ನ ಹತ್ತಿರವೇ ಇರಲಿ.

ಕೇಬಲ್, ಥಿಂಬಲ್, ರಿಲೇ, ವೈರ್ ಎಲ್ಲ ಸೇರಿ ಸಾವಿರದ ಐನೂರು ದಾಟಲಿಲ್ಲ. ಹದಿನೈದು ಸಾವಿರ ಮಾಡದ ಕೆಲಸ ಇದು ಮಾಡಿತು. ಆ ಎಲೆಕ್ಟ್ರಿಷಿಯನ್ ಬಂದು ತಾವೇ ಕೀ ತಿರುಗಿಸಿ ನೋಡಿದರು. ಆಮೇಲೆ ಮೀಟರ್ ಎಲ್ಲಿ ತಗೊಂಡ್ರಿ ಅಂತ ಕೇಳಿದರು. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಇದರ ಮಧ್ಯೆ ಬೇರೆ ಒಂದಿಷ್ಟು ಪ್ರಯೋಗ ಮಾಡಿದೆ. ಅಗ್ಗದ ಮೀಟರ್ ನಿಧಾನ, ಸೆಲ್ಫ್ ಎಳೆಯುವ ಮೊದಲ ಕ್ಷಣ ಅದರಲ್ಲಿ ಕಾಣುವುದಿಲ್ಲ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ನೋಡಿದೆ. ಮೀಟರೇ ನಿಧಾನವಾದ ಮೇಲೆ ವಿಡಿಯೋ ಏನು ಮಾಡುತ್ತದೆ? ಉಪಯೋಗವಾಗಲಿಲ್ಲ. ಆದರೆ ಒಬ್ಬನೇ ಇದ್ದಾಗ ಮೀಟರನ್ನು ಬಾನೆಟ್ ಮೇಲಿಟ್ಟು ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಸೆಲ್ಫ್ ಹೊಡೆದರೆ ಆಮೇಲೆ ನೋಡಬಹುದು, ಅದು ಒಳ್ಳೆ ಅನುಕೂಲ. ಆಯಿಲ್ 20ಡಬ್ಲ್ಯು-40 ಬಿಟ್ಟು ಚಳಿಯಲ್ಲಿ ಅಷ್ಟು ಗಟ್ಟಿಯಾಗದ 15ಡಬ್ಲ್ಯು-40 ಹಾಕಿದೆ. ಚಳಿಯಲ್ಲಿ ಸ್ವಲ್ಪ ಹಗುರ ಅನಿಸಿತು, ಖರ್ಚಿಗೆ ತಕ್ಕಷ್ಟಲ್ಲ. ಹೀಟರ್ ಪ್ಲಗ್‌ಗಳನ್ನು ಅವುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ ಟೆಸ್ಟ್ ಲ್ಯಾಂಪಿನಿಂದ ನೋಡಿದರೆ ನಾಲ್ಕರಲ್ಲಿ ಎರಡು ಸತ್ತಿದ್ದವು. ಲ್ಯಾಂಪಿನ ಕ್ಲಿಪ್ ಬ್ಯಾಟರಿ ಪ್ಲಸ್‌ಗೆ, ಮೊನೆ ಪ್ಲಗ್ಗಿನ ತಲೆಗೆ. ಹತ್ತಿದರೆ ಜೀವ ಇದೆ. ಅವೆರಡನ್ನು ಬದಲಿಸಿದ ಮೇಲೆ ಬೆಳಗಿನ ಬಿಳಿ ಹೊಗೆ ಅರ್ಧಕ್ಕರ್ಧ ಇಳಿಯಿತು.

ಇನ್ನೊಂದು. ವಾರಗಟ್ಟಲೆ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತಿತ್ತು. ಎಲ್ಲ ಆಫ್ ಮಾಡಿ, ಮೈನಸ್ ಕ್ಲಾಂಪ್ ತೆಗೆದು, ಮಧ್ಯೆ ಮೀಟರನ್ನು 10 ಆಂಪ್ಸ್ ಸಾಕೆಟ್ಟಿನಲ್ಲಿ ಹಾಕಿದೆ. 180 ಮಿಲಿ ಆಂಪ್ಸ್ ಹೋಗುತ್ತಿತ್ತು. 50ರ ಒಳಗಿದ್ದರೆ ಚಿಂತೆ ಇಲ್ಲ. 180 ಅಂದರೆ ದಿನಕ್ಕೆ ನಾಲ್ಕು ಆಂಪಿಯರ್ ಅವರ್‌ಗೂ ಜಾಸ್ತಿ ಸೋರಿಕೆ. ಫ್ಯೂಸ್ ಒಂದೊಂದಾಗಿ ತೆಗೆಯುತ್ತಾ ಹೋದಾಗ ಸಿಕ್ಕಿದ್ದು ಹಳೇ ಟೇಪ್ ಸೆಟ್. ಅದರ ವೈರನ್ನು ಕೀ ಆನ್ ಆದಾಗ ಮಾತ್ರ ಬರುವ ಲೈನಿಗೆ ಬದಲಿಸಿದೆ. ಮೀಟರ್ ಹೀಗೆ ಮಧ್ಯೆ ಇರುವಾಗ ತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟುಹೋಗುತ್ತದೆ.

ಈಗ ಸುತ್ತಮುತ್ತ ಯಾರ ಜೀಪು ನರಳಿದರೂ ಫೋನು ನನಗೆ ಬರುತ್ತದೆ. ಎಲ್ಲವೂ ಅರ್ತ್ ಅಲ್ಲ. ಒಂದರಲ್ಲಿ ದಾರಿಯಲ್ಲಿ ಅರ್ಧ ವೋಲ್ಟೂ ಹೋಗುತ್ತಿರಲಿಲ್ಲ, ಬ್ಯಾಟರಿ ಮಾತ್ರ ಎಂಟಕ್ಕೆ ಇಳಿಯುತ್ತಿತ್ತು. ಬೇರೆ ಒಳ್ಳೆ ಬ್ಯಾಟರಿ ಹಾಕಿದರೂ ಹಾಗೇ. ಅದು ನಿಜವಾಗಿಯೂ ಸೆಲ್ಫ್. ಬುಷ್ ಸವೆದು ಆರ್ಮೇಚರ್ ಒಳಗೆ ಉಜ್ಜುತ್ತಿತ್ತು. ಬಿಚ್ಚುವ ಮೊದಲೇ ಹೇಳಿದ್ದೆ, ಬಿಚ್ಚಿದಾಗ ಹಾಗೇ ಇತ್ತು. ಪಕ್ಕದ ತೋಟದವರ ಟ್ರ್ಯಾಕ್ಟರ್ ಈಗ ಸರದಿಯಲ್ಲಿದೆ. ಅದರಲ್ಲಿ ಪ್ಲಸ್ ಕಡೆಯೇ ಒಂದೂವರೆ ವೋಲ್ಟ್ ಹೋಗುತ್ತಿದೆ. ಕೇಬಲ್ ತಂದಿಟ್ಟಿದ್ದೇನೆ, ಮಳೆ ಬಿಟ್ಟ ದಿನ ಹಾಕಬೇಕು.